ಕುಡಿಯದೆ ಇಟ್ಟ ಕಾಫಿ

"ಸುಳ್ಳು! ಇದೆಲ್ಲಾ ಶುದ್ಧ ಸುಳ್ಳು!"

ಚರ್ಚಿನೊಳಗೆ ಅಷ್ಟು ಜೋರಾಗಿ ಕೂಗಿದ್ದು ತಾನೇ ಎಂದು ಲುಬ್ನಾಗೆ ಗೊತ್ತಾಗುವಷ್ಟರಲ್ಲಿ, ಇಡೀ ಐನ್ ರುಮ್ಮಾನ್ ಊರೇ ತಿರುಗಿ ಅವಳನ್ನು ನೋಡುತ್ತಿತ್ತು.

ಭಾನುವಾರದ ಪೂಜೆ ಆಗಷ್ಟೇ ಮುಗಿದಿತ್ತು. ಪೀಠದ ಮೆಟ್ಟಿಲ ಪಕ್ಕ ಬಾಸಿಲ್ ಎಂಬ ಯುವಕ ಕಾಗದ ಹಿಡಿದು ನಿಂತಿದ್ದ. ರಾಜಧಾನಿ ಅಮ್ಮಾನಿನ ಬಿಷಪರ ಕಚೇರಿಯಿಂದ ಬಂದವನು. ಇನ್ನು ಹತ್ತು ವರ್ಷಕ್ಕೆ ಈ ಚರ್ಚು ಹೇಗಿರಬೇಕು, ಏನು ಬೇಕು, ಏನು ಬೇಡ ಎಂದು ಮನೆ ಮನೆಗೂ ಪ್ರಶ್ನೆಪತ್ರ ಹಂಚಿದ್ದ. ವಾಪಸು ಬಂದ ಉತ್ತರಗಳನ್ನು ಈಗ ಓದುತ್ತಿದ್ದ. ಒಂದು ಮನೆ ಬಿಡದೆ ಎಲ್ಲರದೂ ಒಂದೇ ಉತ್ತರ: 'ಎಲ್ಲಾ ಚೆನ್ನಾಗಿದೆ, ದೇವರಿಗೆ ಸ್ತೋತ್ರ!'

ಬಾಸಿಲನ ಕಿವಿ ಕೆಂಪಾಯಿತು. "ನಾನು ಸುಳ್ಳು ಓದ್ತಿದೀನಾ?"

"ನೀವು ಓದ್ತಿರೋದು ಸರಿ. ಇವರು ಬರ್ದಿರೋದು ಸುಳ್ಳು! ಅಬೂನಾ ಬೇಜಾರ್ ಮಾಡ್ಕೋತಾರೆ ಅಂತ ಯಾರೂ ಬಾಯಿ ಬಿಡಲ್ಲ. ಅಂಗಳಕ್ಕೆ ಹೋಗಿ ಕೇಳಿ, ಒಬ್ಬೊಬ್ರ ಬಾಯಲ್ಲೂ ಒಂದೊಂದು ಪುರಾಣ ಇದೆ!"

ಕೂತಿದ್ದವರೆಲ್ಲ ಕಾಲ್ಬೆರಳು ನೋಡಿಕೊಂಡರು. ಆದರೆ ಗುರುಗಳಾದ ಅಬೂನಾ ಇಮಾದ್ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹಾಗಾದ್ರೆ ನೀನೇ ಇವರನ್ನ ಮನೆ ಮನೆಗೂ ಕರ್ಕೊಂಡು ಹೋಗು, ಲುಬ್ನಾ. ಬರೆಯೋದು ಬೇಡ, ಬಾಯಲ್ಲೇ ಕೇಳಿ. ನಿನ್ನ ಸೋದರತ್ತೆ ವರ್ದೆ ಜೊತೆಗಿರ್ತಾಳೆ."

ಅಯ್ಯೋ, ಬೇಕಿತ್ತಾ ನನಗೆ!

ಲುಬ್ನಾ ತಲೆ ಎತ್ತಿದಳು. ಬಾಸಿಲ್ ಅವಳನ್ನೇ ನೋಡುತ್ತಿದ್ದ. ಸಿಟ್ಟಿನಿಂದಲ್ಲ... ಕಣ್ಣಲ್ಲಿ ಅದೇನೋ ಖುಷಿ! ಅವಳೇ ಮೊದಲು ಕಣ್ಣು ತಿರುಗಿಸಿದಳು.

ಮರುದಿನ ಮೊದಲ ಮನೆ ಉಮ್ ಜಿರ್ಯೆಸ್ ಅಜ್ಜಿಯದು. ಬಾಸಿಲ್ ಗಂಟಲು ಸರಿ ಮಾಡಿಕೊಂಡು ಶುರು ಮಾಡಿದ. "ಮುಂದಿನ ದಶಕದಲ್ಲಿ ನಮ್ಮ ಧರ್ಮಕೇಂದ್ರದ ಆದ್ಯತೆಗಳು..."

"ಏನಪ್ಪಾ ಅದು? ಮೊದಲು ಕಾಫಿ ಕುಡಿ," ಎಂದಳು ಅಜ್ಜಿ.

ಲುಬ್ನಾ ನಗು ತಡೆದುಕೊಂಡು ಮುಂದೆ ಬಾಗಿದಳು. "ಅಜ್ಜಿ, ನಿನ್ನೆ ಯಾಕೆ ಪೂಜೆ ಮುಗಿದ ತಕ್ಷಣ ಮೂತಿ ಉಬ್ಬಿಸ್ಕೊಂಡು ಹೋದ್ರಿ?"

ಅಷ್ಟೇ, ಕಟ್ಟೆ ಒಡೆಯಿತು!

"ಉಬ್ಬಿಸದೆ ಇನ್ನೇನು ಮಾಡ್ಲಿ? ಈ ಚರ್ಚಲ್ಲಿ ಒಂದು ಮದುವೆ ನೋಡಿ ಎಷ್ಟು ಕಾಲ ಆಯ್ತು, ಹೇಳು! ಹುಡುಗರೆಲ್ಲ ಅಮ್ಮಾನಿಗೆ ಓಡ್ತಾರೆ, ಅಲ್ಲೇ ಹೋಟೆಲ್ ಹಿಡಿದು ಮದುವೆ ಆಗ್ತಾರೆ. ಇಲ್ಲಿ ಕೂತ್ಕೊಳ್ಳೋರು ನಾವು ಮುದುಕೀರು! ನನಗೆ ಬೇಕಾಗಿರೋದು ಒಂದೇ. ಚರ್ಚು ತುಂಬಾ ಮಕ್ಕಳು ಕಿರುಚಬೇಕು. ಅಬೂನಾ ಮಾಡೋ ಪ್ರಬೋಧನೆ ಒಂದಕ್ಷರ ಕೇಳಿಸಬಾರದು!"

ಬಾಸಿಲ್ ಬರೆದುಕೊಳ್ಳುವುದನ್ನೂ ಮರೆತು ನಕ್ಕುಬಿಟ್ಟ. ಅಜ್ಜಿ ಇನ್ನೊಂದು ಬಟ್ಟಲು ಕಾಫಿ ತುಂಬಿದಳು.

ಹೊರಗೆ ಬಂದ ಮೇಲೆ ಅವನು ಮೆಲ್ಲಗೆ, "ನೀವು ಪ್ರಶ್ನೆನೇ ಕೇಳಲಿಲ್ಲ. ಆದ್ರೂ ಉತ್ತರ ಬಂತು," ಎಂದ.

"ಜನರನ್ನ ಕೇಳೋದು ಅಂದ್ರೆ ಕಾಗದ ಓದೋದಲ್ಲ, ಸ್ವಾಮಿ!"

"ಸರಿ, ಮೇಡಂ. ಕಲಿಸಿ ಕೊಡಿ."

ಹಾಗೆ ಶುರುವಾಯಿತು. ಲುಬ್ನಾ ಚರ್ಚಿನ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಶಾಲೆ ಬಿಟ್ಟ ಕೂಡಲೇ ಮೂವರೂ ಹೊರಡುವರು. ಹುಡುಗರು ಆಡಲು ಜಾಗ ಕೇಳಿದರು. ಮಂಡಿ ನೋವಿನವರು ಮೆಟ್ಟಿಲಿಗೆ ಕಂಬಿ ಕೇಳಿದರು. ಗಾನವೃಂದದವರು ಪರಸ್ಪರರ ಮೇಲೆ ಚಾಡಿ ಹೇಳಿದರು. ಅತ್ತೆಯನ್ನು ಹಿಂದೆ ಬಿಟ್ಟು ಲುಬ್ನಾ, ಬಾಸಿಲ್ ಇಬ್ಬರೂ ಆಲಿವ್ ತೋಟಗಳ ನಡುವೆ ನಗುತ್ತಾ, ಜಗಳವಾಡುತ್ತಾ ನಡೆದರು.

ಮೂರನೆಯ ದಿನ ಲುಬ್ನಾ ಗಮನಿಸಿದಳು. ಬಾಸಿಲ್ ಎದೆ ಒತ್ತಿಕೊಂಡು ಬೆವರುತ್ತಿದ್ದ.

"ಏನಾಯ್ತು?"

"ಎದೆಯುರಿ... ಕಾಫಿ ನನಗಾಗಲ್ಲ."

"ಹೇಳೋದಲ್ವಾ, ಮಾರಾಯರೇ!"

"ಕೊಟ್ಟ ಕಾಫಿ ಬೇಡ ಅಂದ್ರೆ ಮನೆಯವರಿಗೆ ಅವಮಾನ ಅಲ್ವಾ?"

ವರ್ದೆ ಅತ್ತೆ ಕಣ್ಣರಳಿಸಿದಳು. "ಅಷ್ಟೇ ಅಲ್ಲಪ್ಪಾ! ಮುಟ್ಟದೆ ಕೆಳಗಿಟ್ಟೆ ಅಂದ್ರೆ ಹೆಣ್ಣು ಕೇಳೋಕೆ ಬಂದೆ ಅಂತ್ಲೇ ಲೆಕ್ಕ. ಹೆಣ್ಣಿನ ಅಪ್ಪ 'ಕುಡಿ' ಅಂದ್ರೆ ಮದುವೆ ಗಟ್ಟಿ! ಮುಂದಿನ ಮನೇಲಿ ಮೂರು ಜನ ಹುಡುಗೀರಿದಾರೆ, ಹುಷಾರು!"

ಮುಂದಿನ ಮನೆಯಲ್ಲಿ ಯಾರೂ ನೋಡದ ಹೊತ್ತಿಗೆ ಲುಬ್ನಾ ತನ್ನ ಖಾಲಿ ಬಟ್ಟಲನ್ನು ಅವನ ಮುಂದೆ ಸರಿಸಿ, ಅವನ ತುಂಬಿದ ಬಟ್ಟಲನ್ನು ಎತ್ತಿಕೊಂಡಳು. ಬಾಸಿಲ್ ದಂಗಾಗಿ ನೋಡಿದ. ಅವಳು ಏನೂ ಆಗಿಲ್ಲವೆಂಬಂತೆ ಕುಡಿದಳು. ಅಲ್ಲಿಂದ ಪ್ರತಿ ಮನೆಯಲ್ಲೂ ಹಾಗೆಯೇ.

"ನಮ್ಮ ಹುಡುಗಿಗೆ ಈಚೆಗೆ ಕಾಫಿ ಹುಚ್ಚು ಹಿಡಿದಿದೆ," ಎಂದು ಅತ್ತೆ ಆಕಾಶ ನೋಡಿಕೊಂಡು ಹೇಳಿದಳು.

ಲುಬ್ನಾಗೆ ನಿದ್ದೆಯೇ ಹಾರಿಹೋಯಿತು. ಕಾಫಿಯಿಂದ ಎಂದುಕೊಂಡಳು. ಬರೀ ಕಾಫಿಯಿಂದಲೇ? ಹೋಗೇ, ನಿನಗೇ ಗೊತ್ತಿಲ್ವಾ!

ಕಡೆಗೆ ಉಳಿದದ್ದು ಒಂದೇ ಮನೆ, ಅವಳದೇ.

ಅವಳ ಅಪ್ಪ ಅಬು ಸಲ್ಮಾನ್ ಚರ್ಚಿನ ಗಂಟೆ ಬಾರಿಸುತ್ತಿದ್ದವರು. ಹಿಂದಿನ ಗುರುಗಳ ಕಾಲದಲ್ಲಿ ಹಗ್ಗ ಬಿಚ್ಚಿ, ಧ್ವನಿವರ್ಧಕದಲ್ಲಿ ಗಂಟೆ ಸದ್ದು ಹಾಕಿಸಿದ್ದರು. ಅಂದಿನಿಂದ ಅಪ್ಪ ಕಡೆಯ ಬೆಂಚಿನಲ್ಲಿ ಕೂತು, ಯಾರೊಂದಿಗೂ ಮಾತಾಡದೆ ಎದ್ದು ಬರುತ್ತಿದ್ದರು.

ಆ ಸಂಜೆ ದೊಡ್ಡಪ್ಪ, ನೆರೆಯವರು ಎಲ್ಲ ಬಂದು ಕೂತಿದ್ದರು. ಲುಬ್ನಾ ಅಡುಗೆಮನೆಯಲ್ಲಿ ಖರ್ಜೂರದ ಬಿಸ್ಕತ್ತು ಜೋಡಿಸುತ್ತಿದ್ದಳು. ಬಟ್ಟಲು ಬದಲಿಸಲು ಬಾಸಿಲನ ಪಕ್ಕ ಯಾರೂ ಇರಲಿಲ್ಲ.

"ಕೇಳೋಕೇನು, ಈಗ ಎಲ್ರೂ ಕೇಳ್ತಾರೆ," ಎಂದರು ಅಪ್ಪ. "ಹಗ್ಗ ಬಿಚ್ಚುವಾಗ ನನ್ನನ್ನ ಒಂದು ಮಾತು ಕೇಳಿದ್ರಾ? ನನ್ನಪ್ಪ ಹಿಡಿದ ಹಗ್ಗ ಅದು. ನನ್ನ ಮದುವೆಗೆ ಅವನೇ ಬಾರಿಸಿದ್ದ."

ಬಾಸಿಲ್ ಕೈಯಲ್ಲಿದ್ದ ಕಾಫಿಯನ್ನು ಹಾಗೆಯೇ ಮೇಜಿನ ಮೇಲಿಟ್ಟು ಮುಂದೆ ಬಾಗಿದ.

"ನಾನು ಕೇಳೋಕೇ ಬಂದಿದೀನಿ, ಯಜಮಾನ್ರೇ. ನಿಮ್ಮ ಉತ್ತರ ಸಿಗೋವರೆಗೂ ಇಲ್ಲಿಂದ ಏಳಲ್ಲ."

ಎಲ್ಲರ ಕಣ್ಣೂ ಮೇಜಿನ ಮೇಲಿದ್ದ ಬಟ್ಟಲಿನತ್ತ ಹೊರಳಿತು!

"ಅಬು ಸಲ್ಮಾನ್," ದೊಡ್ಡಪ್ಪ ಪಿಸುಗುಟ್ಟಿದರು, "ಹುಡುಗ ಕಾಫಿ ಮುಟ್ಟದೆ ಇಟ್ಟ!"

ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಲುಬ್ನಾ ಎಲ್ಲವನ್ನೂ ಕಂಡಳು. ತುಂಬಿದ ಬಟ್ಟಲು... ಅಪ್ಪನ ಮುಖ... ದೇವರೇ! ಕೇಳಿಯೇಬಿಟ್ಟರಾ? ಇಷ್ಟು ಧೈರ್ಯ ಎಲ್ಲಿತ್ತು ಇವರಿಗೆ! 'ಹೂಂ ಅನ್ನಪ್ಪಾ, ಹೂಂ ಅನ್ನು!' ಎಂದು ಅವಳ ಇಡೀ ಜೀವ ಕೂಗಿತು.

ಬಾಸಿಲ್ ಬಟ್ಟಲು ನೋಡಿದ. ಎಲ್ಲರ ಮುಖ ನೋಡಿದ. ಅವಳನ್ನು ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಅಲ್ಲ! ಅಯ್ಯೋ, ಅಲ್ಲ! ನಾನು ಅದಕ್ಕೆ ಬಂದಿಲ್ಲ!"

ಎಂದವನೇ ಬಟ್ಟಲೆತ್ತಿ ಗಟಗಟನೆ ಕುಡಿದುಬಿಟ್ಟ.

ಲುಬ್ನಾ ತಟ್ಟೆಯನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಕೋಣೆಯ ಬಾಗಿಲು ಹಾಕಿಕೊಂಡು ಬಾಯಿಗೆ ದಿಂಬು ಒತ್ತಿ ಅತ್ತಳು.

ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಡಂಗುರ ಹೊಡೆದಂತಾಗಿತ್ತು. ಶಾಲೆಯ ಬಾಗಿಲಲ್ಲಿ ಹೆಂಗಸರು ಕಿಸಕ್ಕೆಂದರು. "ಪಾಪ, ಹುಡುಗಿ ಮುಖ ನೋಡಿದ್ದೇ ತಡ, ಹೆದರಿ ಕುಡಿದ್ನಂತೆ!"

ನಗಲಿ... ಅವರ ನಗು ಇರಲಿ. ಆದ್ರೆ ಬಾಸಿಲ್‌ಗೆ ನಾನು ಅಷ್ಟು ಬೇಡವಾಗಿದ್ದೆನಾ? ಬರೀ ಅವರ ಎದೆಯುರಿ ತಪ್ಪಿಸೋಕೆ ಆಗೋಳಾ ನಾನು?

ಬಾಸಿಲ್ ಎರಡು ಸಲ ಮನೆಯ ಗೇಟಿಗೆ ಬಂದ. ಎರಡು ಸಲವೂ ಅವಳು ಹೊರಗೆ ಬರಲಿಲ್ಲ. "ಮಾತಾಡೇ ಒಂದ್ಸಲ," ಎಂದ ಅತ್ತೆಯ ಮೇಲೂ ಹರಿಹಾಯ್ದಳು.

ಭಾನುವಾರ ಬಂತು. ಪೂಜೆಯ ನಂತರ ಬಾಸಿಲ್ ಮತ್ತೆ ಅದೇ ಮೆಟ್ಟಿಲ ಪಕ್ಕ ನಿಂತ. ಲುಬ್ನಾ ಅಪ್ಪನ ಜೊತೆ ಕಡೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು.

"ಈ ಸಲ ಉತ್ತರ ನಿಜವಾದದ್ದು," ಎಂದು ಅವನು ಶುರು ಮಾಡಿದ. "ಹತ್ತು ವರ್ಷದ ಯೋಜನೆಯ ಮೊದಲ ಮಾತು. ಈ ಚರ್ಚಲ್ಲಿ ಇನ್ನು ಮೇಲೆ ಯಾರನ್ನೂ ಕೇಳದೆ ಏನೂ ತೀರ್ಮಾನ ಮಾಡೋ ಹಾಗಿಲ್ಲ. ಹಿಂದೆ ಕೇಳದೆ ತೆಗೆದ ಗಂಟೆ ಹಗ್ಗವನ್ನ ನಿನ್ನೆ ನಾನೂ ಅಬೂನಾ ಇಮಾದೂ ಸೇರಿ ಮತ್ತೆ ಕಟ್ಟಿದೀವಿ. ಅದನ್ನ ಹಿಡಿಯೋರು ಯಾವಾಗ ಬರ್ತಾರೋ, ಅವರಿಷ್ಟ."

ಅಪ್ಪ ನಿಧಾನವಾಗಿ ತಲೆ ಎತ್ತಿದರು. ಅವರ ಗಡ್ಡ ಅದುರುತ್ತಿತ್ತು. ಲುಬ್ನಾ ಅವರ ಕೈ ಹಿಡಿದುಕೊಂಡಳು.

ಅಂಗಳದಲ್ಲಿ ಬಾಸಿಲ್ ಅವಳ ದಾರಿಗೆ ಅಡ್ಡ ಬಂದ. ವರ್ದೆ ಅತ್ತೆ ತಕ್ಷಣ ಬಗ್ಗಿ ಚಪ್ಪಲಿಯ ಪಟ್ಟಿ ಸರಿ ಮಾಡತೊಡಗಿದಳು. ಆ ಪಟ್ಟಿಗೆ ಏನೂ ಆಗಿರಲಿಲ್ಲ.

"ಒಬ್ಬರ ಉತ್ತರ ಬಾಕಿ ಇದೆ," ಎಂದ.

"ನಮ್ಮಪ್ಪಂದು ಸಿಕ್ತಲ್ಲ!"

"ಅವರದಲ್ಲ. ನಿನ್ನದು. ಊರಿಡೀ ಎಲ್ಲರನ್ನೂ ಕೇಳಿದ್ವಿ, ಲುಬ್ನಾ. ನಿನ್ನನ್ನ ಯಾರೂ ಕೇಳಲಿಲ್ಲ."

'ನಿನ್ನನ್ನ!' ಮೊದಲ ಸಲ ಹಾಗಂದ. ಲುಬ್ನಾಗೆ ಸಿಟ್ಟೂ ಅಳುವೂ ಒಟ್ಟಿಗೆ ನುಗ್ಗಿದವು.

"ಆವತ್ತು ಗಟಗಟ ಕುಡಿದಿರಲ್ಲ! ಅಷ್ಟು ಜನರ ಮುಂದೆ! ನಾನು ಬಾಗಿಲಲ್ಲಿ ನಿಂತು ಎಷ್ಟು ಸಂತೋಷ ಪಟ್ಟಿದ್ದೆ ಅಂತ ನಿಮಗೇನು ಗೊತ್ತು!"

ಅಯ್ಯೋ... ಬಾಯಿ ಜಾರಿಬಿಟ್ಟಿತಲ್ಲ!

ಬಾಸಿಲನ ಕಣ್ಣು ಅರಳಿತು. "ಸಂತೋಷ ಪಟ್ಟಿದ್ಯಾ? ನಿಜವಾಗ್ಲೂ?"

"ಮಾತು ತಿರುಗಿಸಬೇಡಿ! ಯಾಕೆ ಕುಡಿದ್ರಿ?"

"ನಿನ್ನನ್ನ ಕೇಳಿರಲಿಲ್ಲವಲ್ಲ!" ಅವನು ಒಂದು ಹೆಜ್ಜೆ ಮುಂದೆ ಬಂದ. "ಕೇಳದೆ ಹಗ್ಗ ಬಿಚ್ಚಿದ್ರು ಅಂತ ನಿಮ್ಮಪ್ಪ ನನ್ನೆದುರೇ ನೋವಿಂದ ಹೇಳ್ತಿದ್ರು. ಅದೇ ಕ್ಷಣ, ನೀನು ಹೂಂ ಅನ್ನೋ ಮೊದಲೇ, ನಿನ್ನ ಬದುಕನ್ನ ಒಂದು ಬಟ್ಟಲಿಂದ ತೀರ್ಮಾನ ಮಾಡೋಕೆ ನಾನ್ಯಾರು? ಅವರು 'ಕುಡಿ' ಅಂದುಬಿಟ್ಟಿದ್ರೆ? ನಿನಗೆ ಇಷ್ಟ ಇಲ್ದೇ ಇದ್ರೆ? ಹೆದರಿಕೆ ಆಯ್ತು. ಕುಡಿದೆ. ಮೂರು ದಿನ ಎದೆ ಉರೀತು. ಅದು ಕಾಫಿದಲ್ಲ."

ಲುಬ್ನಾ ತಲೆ ಎತ್ತಿ ಅವನನ್ನೇ ನೋಡಿದಳು.

"ನಾನು ನಿನ್ನನ್ನ ಪ್ರೀತಿಸ್ತೀನಿ. ನೀನು ಸುಳ್ಳು ಅಂತ ಕೂಗಿದೆಯಲ್ಲ, ಆ ಕ್ಷಣದಿಂದ! ಈಗ ಕೇಳ್ತಿದೀನಿ. ನಿಮ್ಮ ಮನೇಲಿ ಕಾಫಿ ಇಡಲಾ?"

"ಅಮ್ಮಾನಿಗೆ ಕರ್ಕೊಂಡು ಹೋಗೋಕಾ?"

"ಹುಡುಗರೆಲ್ಲ ಊರು ಬಿಡ್ತಾರೆ ಅಂತ ಪ್ರತಿ ಮನೇಲೂ ಬೈಸ್ಕೊಂಡೋನು ನಾನು! ಇಲ್ಲೇ ಹತ್ತಿರದ ಕರಕ್ ಪಟ್ಟಣದಲ್ಲಿ ಕೆಲಸ ಕೇಳಿದೀನಿ. ಈ ಊರಲ್ಲೇ ಇರ್ತೀನಿ."

ಲುಬ್ನಾ ಕಣ್ಣೊರೆಸಿಕೊಂಡಳು. ತುಟಿಯ ಅಂಚಿನಲ್ಲಿ ನಗು ಮೂಡಿಯೇ ಬಿಟ್ಟಿತು.

"ಬಂದು ಇಡಿ. ಮುಂದಿಂದು ಆಮೇಲೆ ನೋಡೋಣ!"

"ಪಟ್ಟಿ ಸರಿಹೋಯ್ತು!" ಎಂದು ಅತ್ತೆ ಎದ್ದು ನಿಂತಳು.

ಗುರುವಾರ ಮನೆ ತುಂಬಾ ಜನ! ಬಾಸಿಲನ ಅಪ್ಪ, ಚಿಕ್ಕಪ್ಪಂದಿರು, ಊರಿನ ಹಿರಿಯರು, ಎಲ್ಲರ ಮುಂದೆ ಅಬೂನಾ ಇಮಾದ್. ಲುಬ್ನಾ ಅಡುಗೆಮನೆಯ ಬಾಗಿಲ ಹಿಂದೆ ಉಸಿರು ಹಿಡಿದು ನಿಂತಳು.

ಅಬೂನಾ ತಮ್ಮ ಬಟ್ಟಲನ್ನು ಮೇಜಿನ ಮೇಲಿಟ್ಟರು. "ಅಬು ಸಲ್ಮಾನ್, ನಾವು ಬಂದ ಕೆಲಸ ಆಗದೆ ನಿಮ್ಮ ಕಾಫಿ ಮುಟ್ಟಲ್ಲ. ನಮ್ಮ ಬಾಸಿಲನಿಗೆ ನಿಮ್ಮ ಲುಬ್ನಾನ ಕೇಳ್ತಿದೀವಿ."

ಮೂಲೆಯಲ್ಲಿದ್ದ ಬಾಸಿಲನೂ ಬಟ್ಟಲಿಟ್ಟ. ಅವಸರಕ್ಕೆ ಒಂದು ಹನಿ ಚೆಲ್ಲಿತು.

ಅಪ್ಪ ಗಡ್ಡ ಸವರಿಕೊಂಡರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರನ್ನೂ ಕೇಳದೆ ಏನೂ ತೀರ್ಮಾನ ಮಾಡಬಾರದು ಅಂತ ಭಾನುವಾರ ಓದಿಸಿದ್ದು ನೀವೇ ತಾನೇ, ಅಬೂನಾ?" ಎಂದವರೇ ಒಳಗೆ ತಿರುಗಿ ಕೂಗಿದರು. "ಲುಬ್ನಾ! ಮಗಳೇ! ಇವರು ಕಾಫಿ ಕುಡೀಬಹುದಾ?"

ಆ ಊರಲ್ಲಿ ಯಾವ ಅಪ್ಪನೂ ಹೀಗೆ ಎಲ್ಲರ ಮುಂದೆ ಕೇಳಿದವನಲ್ಲ! ದೊಡ್ಡಪ್ಪನ ಬಾಯಿ ತೆರೆದದ್ದು ಹಾಗೇ ಉಳಿಯಿತು.

ಲುಬ್ನಾ ಬಾಗಿಲಿಗೆ ಬಂದಳು. ಮುಖ ಕೆಂಪಗೆ, ಕಣ್ಣು ತುಂಬ ನೀರು.

"ಕುಡೀಲಿ, ಅಪ್ಪ... ಆದ್ರೆ ಆ ಮೂಲೇಲಿರೋರಿಗೆ ಒಂದೇ ಗುಟುಕು ಸಾಕು!"

ಮನೆಯೆಲ್ಲ ನಗೆಯಲ್ಲಿ ಮುಳುಗಿತು. ವರ್ದೆ ಅತ್ತೆ ನಾಲಗೆ ಹೊರಳಿಸಿ ಹಾಕಿದ ಹರ್ಷದ ಕೂಗು ಬೀದಿಯ ಆಚೆಗೂ ಕೇಳಿಸಿತು. ಬಟ್ಟಲುಗಳು ಮೇಲೆದ್ದವು. ಆ ಗದ್ದಲದಲ್ಲಿ ಅಪ್ಪ ಎದ್ದು ಎಲ್ಲಿಗೋ ಹೋದದ್ದನ್ನು ಯಾರೂ ಗಮನಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಚರ್ಚಿನ ಗಂಟೆ ಮೊಳಗಿತು. ಧ್ವನಿವರ್ಧಕದ ಸದ್ದಲ್ಲ. ಕೈಯಿಂದ ಎಳೆದು ಬಾರಿಸಿದ, ಏರುಪೇರಿನ, ನಿಜವಾದ ಗಂಟೆ. ಬೀದಿಯಲ್ಲಿ ಉಮ್ ಜಿರ್ಯೆಸ್ ಅಜ್ಜಿ ಚಪ್ಪಾಳೆ ತಟ್ಟುತ್ತಾ ಅಳುತ್ತಿದ್ದಳು.

ಲುಬ್ನಾ ಬಾಸಿಲನ ಪಕ್ಕ ಬಂದು ಕೂತಳು. ಒಂದು ಗುಟುಕು ಕುಡಿದು ಅವನು ಬಟ್ಟಲನ್ನು ಅವಳತ್ತ ಸರಿಸಿದ. ಉಳಿದದ್ದನ್ನು ಅವಳು ಕುಡಿದಳು. ಈ ಸಲ ಎಲ್ಲರೂ ನೋಡುತ್ತಿದ್ದಾಗಲೇ.

"ಇನ್ನೊಂದು ಉತ್ತರ ಬಾಕಿ ಇದೆ," ಎಂದು ಅವನು ಪಿಸುಗುಟ್ಟಿದ. "ಹತ್ತು ವರ್ಷ ಆದ್ಮೇಲೆ ನಮ್ಮ ಚರ್ಚು ಹೇಗಿರಬೇಕು?"

ಲುಬ್ನಾ ತಲೆ ತಗ್ಗಿಸಿದಳು. ಕೆನ್ನೆ ಕಾದು ಕೆಂಪಾಯಿತು.

"ಅಬೂನಾ ಪ್ರಬೋಧನೆ ಒಂದಕ್ಷರ ಕೇಳಿಸಬಾರದು..."

ಅದು ಉಮ್ ಜಿರ್ಯೆಸ್ ಅಜ್ಜಿಯ ಮಾತೆಂದು ಬಾಸಿಲನಿಗೆ ನೆನಪಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಅವನ ಕಿವಿ, ಮೊದಲ ದಿನದಂತೆಯೇ, ಕೆಂಪಾಯಿತು.

"ಬರ್ಕೊಳ್ಳಲಾ?"

"ಬೇಡ. ನೆನಪಿಟ್ಕೊಂಡ್ರೆ ಸಾಕು!"