ಶುಕ್ರವಾರದ ಗಾಳ

“ನೋಡಿ, ನನಗೆ ಈ ಮದುವೆ ಬೇಡ!”

ದೋಣಿ ಹತ್ತುತ್ತಲೇ ಮೆಲಿಸ್ಸಾ ಒಂದೇ ಉಸಿರಿಗೆ ಹೇಳಿಬಿಟ್ಟಳು. ಎದುರಿಗಿದ್ದ ಯುವಕ ಕಕ್ಕಾಬಿಕ್ಕಿಯಾದ.

“ಆಯ್ತು ಮೇಡಂ... ಮೊದಲು ಲೈಫ್ ಜಾಕೆಟ್ ಹಾಕಿಕೊಳ್ಳಿ.”

ಅಯ್ಯೋ ದೇವರೇ! ಇವನು ಎಮಿಲಿಯಾ ಆಂಟಿ ಗೊತ್ತುಮಾಡಿದ ಎಡ್ವರ್ಡ್ ಅಲ್ಲ. ಮೀನು ಹಿಡಿಯಲು ಕರೆದೊಯ್ಯುವ ಗೈಡ್, ಈ ಕೊಲ್ಲಿ ನಾಡಿಗೆ ದುಡಿಯಲು ಬಂದ ಮಲ್ಪೆಯ ಲಾಯ್ಡ್!

ಹುಡುಗ ಹುಡುಗಿ ಆರಾಮವಾಗಿ ಮಾತಾಡಲಿ ಅಂತ ಆಂಟಿಯೇ ಈ ಟ್ರಿಪ್ ಬುಕ್ ಮಾಡಿದ್ದರು. ಎಡ್ವರ್ಡ್‌ಗೆ ಅಬುಧಾಬಿಯ ಆಫೀಸಿನಿಂದ ಬಿಡುವೇ ಸಿಗಲಿಲ್ಲ.

ನಾಚಿಕೆಯಿಂದ ಸಮುದ್ರವನ್ನೇ ನೋಡುತ್ತಿದ್ದವಳ ಕೈಗೆ ಲಾಯ್ಡ್ ಗಾಳದ ಕೋಲು ಕೊಟ್ಟ. ಗಾಳಕ್ಕೆ ಸಿಕ್ಕಿಸಿದ ಬೂತಾಯಿ ಮೀನಿನ ತುಂಡಿಗೆ ದೊಡ್ಡ ಹಮೂರ್ ಮೀನೊಂದು ಬಿತ್ತು. ಅವಳು ಕಿರುಚಿದ ರೀತಿಗೆ ಇಡೀ ದೋಣಿ ನಕ್ಕಿತು.

ಮುಂದಿನ ಶುಕ್ರವಾರವೂ ಅವಳು ಬಂದಳು. ಅದರ ಮುಂದಿನದಕ್ಕೂ!

ಲಾಯ್ಡ್ ಕಲಿಸಿದ, ನಗಿಸಿದ, ಅಷ್ಟೇ. ಮದುವೆ ಬೇಡವೆಂದವಳಿಗೆ ಇನ್ನೇನು ಹೇಳುವುದು?

ಬೇಡವಾಗಿದ್ದು ಆಂಟಿ ಹುಡುಕಿದ ಮದುವೆ, ಮಂಕೇ... ಮೆಲಿಸ್ಸಾ ಅವನನ್ನು ಮನಸ್ಸಿನಲ್ಲೇ ಬೈದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಎಡ್ವರ್ಡ್‌ಗೆ ಕೊನೆಗೂ ಬಿಡುವಾಯಿತು! ಇವತ್ತು ಸಂಜೆ ಅವನ ಮನೆಯವರು ಅಲ್ ನಹ್ದಾದ ಮನೆಗೆ ಬರುತ್ತಾರೆ. ಆಂಟಿಗೆ ಅಷ್ಟರೊಳಗೆ ಉತ್ತರ ಬೇಕು. ದೋಣಿಯಲ್ಲಿ ಪಕ್ಕದಲ್ಲೇ ನಿಂತಿರುವ ಈ ಲಾಯ್ಡ್ ಒಂದು ಮಾತು ಆಡಬಾರದೇ?

ಅಷ್ಟರಲ್ಲಿ ಅವಳ ಕೈಯ ಗಾಳದ ಕೋಲು ಬಿಲ್ಲಿನಂತೆ ಬಾಗಿತು.

“ಅಂಜಲ್ ಮೀನು! ಎಳೀಬೇಡಿ ಮೇಡಂ, ಓಡ್ಲಿ ಬಿಡಿ...”

“ಲಾಯ್ಡ್, ಸಂಜೆ ಎಡ್ವರ್ಡ್ ಮನೆಯವರು ಬರ್ತಾರೆ.”

ಅವನ ಮುಖ ಬಾಡಿತು. “ಒಳ್ಳೇದಾಯ್ತು... ಈಗ ರೀಲ್ ಸುತ್ತಿ.”

“ಎಂತ ಒಳ್ಳೇದು? ನಾನು ಪ್ರತಿ ವಾರ ಎಂತಕ್ಕೆ ಬರ್ತೇನೆ ಅಂದ್ಕೊಂಡಿದ್ದೀರಿ?”

“ಮೀನಿಗೆ.”

“ನಂಗೆ ಮೀನು ಆಗುದೇ ಇಲ್ಲ ಮಾರಾಯ್ರೆ! ತಿಂದ್ರೆ ಮೈಯೆಲ್ಲ ದದ್ದು ಏಳ್ತದೆ. ಹಿಡಿದದ್ದೆಲ್ಲ ಪಕ್ಕದ ಮನೆ ಮುನೀರಾಗೆ ಕೊಡ್ತೇನೆ!”

ಲಾಯ್ಡ್ ಮೀನು ಮರೆತು ಅವಳತ್ತ ತಿರುಗಿದ. ದಾರ ಪಟ್ಟನೆ ಹರಿಯಿತು.

“ಮೀನು ಹೋಯ್ತು!” ಯಾರೋ ಹಿಂದಿನಿಂದ ಕೂಗಿದರು.

“ಹೋಗ್ಲಿ!” ಎಂದ ಲಾಯ್ಡ್, ಅವಳ ಮುಖದಿಂದ ಕಣ್ಣು ತೆಗೆಯದೆ. “ಮೆಲಿಸ್ಸಾ... ಆಂಟಿ ಹತ್ರ ನಾನು ಮಾತಾಡ್ಲಾ?”

“ನಾನೇ ಹೇಳ್ತೇನೆ. ಎಡ್ವರ್ಡ್ ಬೇಡ ಅಂತ, ಯಾರು ಬೇಕು ಅಂತ.” ಅವಳ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. “ನಾಳೆ ನೀವು ಮನೆಗೆ ಬನ್ನಿ.”

“ಬರ್ತೇನೆ. ಮೊದಲ ಸಲ ಬರುದು... ಎಂತ ತರ್ಲಿ?”

“ಎಂತದಾದ್ರೂ ತನ್ನಿ,” ಅಂದಳು ಮೆಲಿಸ್ಸಾ, ಮೊದಲ ಬಾರಿಗೆ ಅವನ ಕೈ ಹಿಡಿಯುತ್ತ. “ಮೀನೊಂದು ಬಿಟ್ಟು!”