ನಂಬರಿಲ್ಲದ ಪೊಟ್ಟಣ

"ಕ್ಯಾ ಜಲಾ ಹೈ, ಮೇಡಂ?" ತಲೆಯೆತ್ತದೆ ಕೇಳಿದೆ. ಸನತ್‌ನಗರದ ನನ್ನ ಮೋಟಾರ್ ವೈಂಡಿಂಗ್ ಅಂಗಡಿಗೆ ಬರುವವರೆಲ್ಲ ಏನಾದರೊಂದು ಸುಟ್ಟುಕೊಂಡೇ ಬರುತ್ತಾರೆ. ಪಂಪು, ಫ್ಯಾನು, ಗ್ರೈಂಡರು.

"ಏನೂ ಸುಟ್ಟಿಲ್ಲ. ಸುಡಬಾರದು ಅಂತನ ಬಂದೇನಿ."

ಕನ್ನಡ ಕೇಳಿ ತಲೆಯೆತ್ತಿದೆ. ಗೋಡೆಯ ಕನ್ನಡ ಕ್ಯಾಲೆಂಡರ್ ನೋಡಿ ನಮ್ಮವನೆಂದು ತಿಳಿದುಕೊಂಡಿದ್ದರು. ಬೆಳ್ಳಗಾದ ತಲೆ, ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು, ನೆರಿಗೆಯ ತುಂಬ ಅಂಟಿಕೊಂಡ ಉತ್ತರಾಣಿ ಕಾಯಿ. ಕಣ್ಣು ಮಾತ್ರ ಶಾಲೆ ತಪ್ಪಿಸಿ ಬಂದ ಹುಡುಗಿಯದು.

ಹೆಸರು ಯಮುನಾಬಾಯಿ. ಗಚ್ಚಿಬೌಲಿಯ ಕಡೆ ಯುನಿವರ್ಸಿಟಿಯಲ್ಲಿ ಪ್ರೊಫೆಸರು. ಅಲ್ಲಿಯ ಬಂಡೆಗಳ ನಡುವೆ ಬೆಳೆಯುವ ಕುರುಚಲು ಗಿಡಗಳ ಎಲೆ ಅಳೆಯುವುದರಲ್ಲೇ ಅವರ ಸರ್ವಿಸ್ ಕಳೆದಿತ್ತು. ಎಲೆ ಎಷ್ಟು ಅಗಲ, ಎಷ್ಟು ದಪ್ಪ, ಒಣಗಿದ ಮೇಲೆ ಎಷ್ಟು ತೂಕ. ಈಗ ಲ್ಯಾಬಿನ ಓವನ್ ಕೆಟ್ಟಿತ್ತು. ಈ ವರ್ಷ ರಿಟೈರ್ ಆಗುವವರಿಗೆ ಹೊಸದನ್ನು ಯಾರು ಕೊಡಿಸುತ್ತಾರೆ?

"ನಿಮ್ಮ ಓವನ್ನಿನಾಗ ಎಪ್ಪತ್ತು ಡಿಗ್ರಿಗೆ ಮೂರು ದಿನ ಇಡಬೇಕು. ರಾತ್ರಿ ಆರಿಸಿದ್ರೂ ನಡೀತದ. ಎಲಿ ಒಣಗಬೇಕು, ಬೇಯಬಾರದು."

"ವಾರ್ನಿಷ್ ಹೊಡದ ಕಾಯಿಲ್ ಬೇಯಿಸೋ ಓವನ್ ರಿ ಇದು. ವಾಸನಿ ಹತ್ತತೈತಿ."

"ಹಂಗಾದ್ರ ನಿಮಗ ಕೆಲಸ ಇಲ್ಲದಾಗ ಬರ್ತೀನಿ."

"ಈಗ ಕೆಲಸ ಇಲ್ಲ ಬಿಡ್ರಿ," ಅಂದೆ.

ನನ್ನ ಬೆನ್ನ ಹಿಂದೆ ಬಿಚ್ಚಿದ ಮೋಟಾರುಗಳು ಸಾಲಾಗಿ ಕೂತಿದ್ದವು. ಅವರು ಅವನ್ನು ನೋಡಿದರು, ನನ್ನನ್ನು ನೋಡಿದರು. ತುಟಿಯ ಒಂದು ಮೂಲೆ ಮಾತ್ರ ನಕ್ಕಿತು.

ಆ ಸಂಜೆ ಓವನ್ನಿನ ಒಳಗನ್ನೆಲ್ಲ ಉಜ್ಜಿ ತೊಳೆದೆ. ಹಾಗೆ ತೊಳೆಯುತ್ತಿದ್ದವಳು ನನ್ನ ಹೆಂಡತಿ ಸೂಗಮ್ಮ. ಕಾಯಿಲ್ ತೆಗೆದ ಮೇಲೆ ಉಳಿದ ಕಾವಿನಲ್ಲಿ ಕರಿಬೇವು, ಮೆಂತ್ಯೆಸೊಪ್ಪು ಒಣಗಿಸುವಳು. ಆರು ವರ್ಷದ ಹಿಂದಿನ ಆಷಾಢದಲ್ಲಿ, ಇಲ್ಲಿಯ ಹೆಂಗಸರೆಲ್ಲ ಕೈಗೆ ಮದರಂಗಿ ಹಚ್ಚಿಕೊಳ್ಳುವ ಹೊತ್ತಿನಲ್ಲಿ, ಒಂದಿಷ್ಟು ಮದರಂಗಿ ಎಲೆಯನ್ನೂ ದಿನಪತ್ರಿಕೆಯ ಪೇಪರಿನಲ್ಲಿ ಸುತ್ತಿ ಒಣಗಿಸಿದ್ದಳು. ಕುಟ್ಟಿ ಪುಡಿ ಮಾಡುವ ಮೊದಲೇ ಎದೆನೋವು ಬಂತು. ಹೋದಳು.

ಪೊಟ್ಟಣ ಓವನ್ನಿನ ಪಕ್ಕದ ಗೋಡೆಗೂಡಿನಲ್ಲಿ ಹಾಗೇ ಇತ್ತು. ನಾನು ಮುಟ್ಟಲಿಲ್ಲ.

ಅವಳು ಪೂರ್ತಿ ಹೋಗಿರಲಿಲ್ಲ. ಸಂಜೆ ಓವನ್ ಆರಿಸಿದರೆ ತಗಡು ತಣ್ಣಗಾಗುತ್ತ ಟಿಣ್ ಅನ್ನುವುದು. ಸ್ವಲ್ಪ ತಡೆದು ಮತ್ತೆ ಟಿಣ್. ಥೇಟ್ ಕಡಪಾ ಕಲ್ಲಿನ ನೆಲದ ಮೇಲೆ ಕಾಲುಂಗುರದ ಸದ್ದು. ಊಟಕ್ಕೆ ಕರೆಯಲು ಅವಳು ಹಾಗೆಯೇ ಬಂದು ನಿಲ್ಲುತ್ತಿದ್ದಳು. ನಾನು ಈಗಲೂ "ಬಂದೆ" ಅನ್ನುತ್ತಿದ್ದೆ.

ಒಂದು ಸಂಜೆ ಯಮುನಾಬಾಯಿ ಎದುರಿಗೇ ಅಂದುಬಿಟ್ಟೆ.

"ಯಾರಿಗೆ ಬಂದೆ ಅಂದ್ರಿ?"

"ಓವನ್ನಿಗೆ."

ಅವರು ನಗಲಿಲ್ಲ. ಕಿವಿಗೊಟ್ಟು ಕೂತರು. "ಯಾರೋ ನಡದಂಗ ಕೇಳಸ್ತದ, ಅಲ್ಲ?" ಅಂದರು.

ಅವತ್ತು ಸೂಗಮ್ಮನ ಹೆಸರು ಹೇಳಿದೆ. ಪೊಟ್ಟಣದ ಮಾತು ಹೇಳಲಿಲ್ಲ.

ವಾರಕ್ಕೆರಡು ಸಲ ಬರತೊಡಗಿದರು. ಪೇಪರಿನ ಪೊಟ್ಟಣಗಳು, ಪ್ರತಿಯೊಂದಕ್ಕೂ ಪೆನ್ಸಿಲಿನ ನಂಬರು. ಒಣಗಿದವನ್ನು ಗೂಡಿನಲ್ಲಿ ಜೋಡಿಸಿಡುತ್ತಿದ್ದೆ. ಸೂಗಮ್ಮನದನ್ನು ಹಿಂದಕ್ಕೆ ಸರಿಸಿ.

ತಾಮ್ರದ ತಂತಿ ಅಳೆಯುವ ನನ್ನ ಮೈಕ್ರೋಮೀಟರ್ ನೋಡಿ ಅವರು ತಮ್ಮ ಚೀಲದಿಂದ ಅಂಥದೇ ಒಂದನ್ನು ತೆಗೆದರು. "ಇಬ್ಬರದೂ ಒಂದ ಕಸಬು," ಅಂದು, ತೆಳ್ಳನೆಯ ಒಂದು ನುಗ್ಗೆ ಎಲೆ, ಬಂಡೆಗಳ ನಡುವಿನ ಬಂದರಿಕೆ ಗಿಡದ ಒಂದು ದಪ್ಪ ಎಲೆ ಹಿಡಿದು ತೋರಿಸಿದರು.

"ತೆಳ್ಳನ್ನ ಎಲಿ ಲಗೂನ ಬರ್ತಾವ, ಭರಾಭರಾ ದುಡೀತಾವ, ಲಗೂನ ಉದುರತಾವ. ದಪ್ಪನ್ನವು ತಡಾ ಮಾಡಿ ಬರ್ತಾವ. ಬಿಸಲು ಬೀಳಲಿ, ನೀರು ತಪ್ಪಲಿ, ಹಿಡಕೊಂಡಿರತಾವ. ಯಾಕ ಹಂಗ ಅನ್ನೂದರಾಗನ ನನ್ನ ಆಯುಷ್ಯ ಹೋತು."

"ಲಗ್ನಾ ಯಾಕ ಆಗಲಿಲ್ರಿ?"

"ಹೆಣ್ಣು ನೋಡಲಿಕ್ಕೆ ಬರೋರು ಶ್ರಾವಣದಾಗ ಬರ್ತಿದ್ರು. ಎಲಿ ಬಲಿಯೋದೂ ಶ್ರಾವಣದಾಗ. ನಾ ಗುಡ್ಡದಾಗ ಇರತಿದ್ದೆ. ನಮ್ಮವ್ವ ಬಂದವರಿಗೆ ಉಪ್ಪಿಟ್ಟು ಕೊಟ್ಟು ಕಳಸತಿದ್ಲು."

ನಾನು ನಕ್ಕೆ. ಎಷ್ಟು ದಿನದ ಮೇಲೆ ನಕ್ಕೆನೋ, ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ನಾ ಯಾವ ಎಲಿ ರಿ ಹಂಗಾದ್ರ?"

ನನ್ನ ಹೆಬ್ಬೆರಳನ್ನು ಮೈಕ್ರೋಮೀಟರಿನ ನಡುವೆ ಇಟ್ಟು ತಿರುಪನ್ನು ಮೆಲ್ಲಗೆ ತಿರುಗಿಸಿದರು. ಅಂಕಿ ನೋಡಲಿಲ್ಲ, ನನ್ನನ್ನೇ ನೋಡಿದರು.

"ಉದುರೂ ಜಾತಿ ಅಲ್ಲ," ಅಂದರು. ತಿರುಪು ಸಡಿಲಿಸಲು ಬೇಕಾದುದಕ್ಕಿಂತ ತುಸು ಹೆಚ್ಚೇ ಹೊತ್ತಾಯಿತು.

ಟಿಣ್.

ನಾನು ಕೈ ಎಳೆದುಕೊಂಡೆ. ಅವರು ಮೈಕ್ರೋಮೀಟರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು. ಜಿಪ್ಪಿನ ಸದ್ದು ಬಹಳ ಹೊತ್ತು ಅಂಗಡಿಯಲ್ಲಿ ನಿಂತಿತ್ತು.

ಈ ಆಷಾಢಕ್ಕೆ ಕೊನೆಯ ಎಲೆಗಳು ಬಂದವು. ಅವು ಓವನ್ನಿನಲ್ಲಿದ್ದ ಮೂರನೆಯ ದಿನ ಬಂದು, "ಇವು ಆದ್ರ ಮುಗೀತು," ಅಂದರು. "ಲ್ಯಾಬ್ ಖಾಲಿ ಮಾಡ್ಬೇಕು. ಕಲಬುರ್ಗಿಗೆ ಬಾ ಅಂತಾಳ ತಂಗಿ. ಅಲ್ಲಿ ನನಗ ಏನು ಕೆಲಸ ಅದನೋ. ಹೋಗಬ್ಯಾಡ ಅನ್ನೋರೂ ಯಾರಿಲ್ಲ ಇಲ್ಲಿ."

ಗೂಡಿನ ಕಡೆ ನೋಡಿದೆ. "ನಾಳೆ ತಂತಿ ತರಾಕ ಕೋಠಿ ಬಜಾರಕ್ಕ ಹೋಗಾಂವ ಇದೀನ್ರಿ. ಇನ್ನೊಂದು ಕೀಲಿ ಇಟಗೋರಿ, ಪುಡಿಕಿ ಗೂಡಿನಾಗ ಇಟ್ಟಿರತೀನಿ, ನೀವ ತಗೊಂಡು ಹೋಗ್ರಿ," ಅಂದು ಕೀಲಿ ಕೈಗಿಟ್ಟೆ. ಹೇಳಬೇಕಾದದ್ದು ಅದಾಗಿರಲಿಲ್ಲ.

ಮರುದಿನ ಕೋಠಿಯಿಂದ ಬಂದು ಶಟರ್ ಎತ್ತಿದರೆ ಗೂಡು ಪೂರಾ ಖಾಲಿ. ಹಿಂದೆ ಸರಿಸಿಟ್ಟಿದ್ದ ಸೂಗಮ್ಮನದೂ ಇಲ್ಲ. ನಿಂತಿದ್ದ ಕೆಲಸದಲ್ಲಿ ಒಂದಿಷ್ಟನ್ನು ಓವನ್ನಿಗೆ ಹಾಕಿ, ಬೇಯಿಸಿ, ಆರಿಸಿ, ಸ್ಟೂಲಿನ ಮೇಲೆ ಕೂತೆ. ತಗಡು ತಣ್ಣಗಾಯಿತು. ಒಂದು ಸದ್ದಿಲ್ಲ.

ಅವಳು ಸತ್ತ ದಿನವೂ ಆ ಕೋಣೆ ಅಷ್ಟು ಬರಿದಾಗಿರಲಿಲ್ಲ.

ಬೆಳಿಗ್ಗೆ ಬಸ್ಸು ಹಿಡಿದು ಗಚ್ಚಿಬೌಲಿಗೆ ಹೋದೆ. ಲ್ಯಾಬಿನಲ್ಲಿ ಯಮುನಾಬಾಯಿ ಎಲೆ ಅರೆಯುವ ಸಣ್ಣ ಮಿಷಿನ್ನಿನ ಮುಂದೆ ಇದ್ದರು. ನನ್ನನ್ನು ಕಂಡು ಸೆರಗು ಸರಿ ಮಾಡಿಕೊಂಡರು. ಮುಖಕ್ಕೆ ರಂಗು ಬಂದಿತ್ತು. ಮುಂದಿನ ಬಟ್ಟಲಿನಲ್ಲಿ ಹಸಿರು ಪುಡಿ.

"ಬಾಯಿ ಬಿಟ್ಟು ಹೇಳೋರಲ್ಲ ನೀವು. ನನ್ನ ಪುಡಿಕಿ ಜೋಡಿ ಇದನ್ನಿಟ್ಟು, ಕೀಲಿ ಕೊಟ್ಟು, ಕೋಠಿಗೆ ಓಡಿಹೋದ್ರಿ," ಅಂದರು. "ನಂಬರಿಲ್ಲದ್ದು ಒಂದು ಬಂತು. ಬಿಚ್ಚಿದೆ, ಮದರಂಗಿ. ಆಷಾಢದಾಗ ಒಬ್ಬಾಕಿಗೆ ಮದರಂಗಿ ಕೊಟ್ರ ಏನಂತ ತಿಳಕೋಬೇಕು, ಅಮರೇಶಪ್ಪಾರ? ಈ ವಯಸ್ಸಿನಾಗ ನನ್ನನ್ನ ನಾಚಿಸಿಬಿಟ್ರಿ."

ನಾನು ಬಟ್ಟಲನ್ನೇ ನೋಡುತ್ತ ನಿಂತೆ. ಆ ಎಲೆಗಳ ಆಕಾರವೇ ಉಳಿದಿರಲಿಲ್ಲ.

ನಾನು ನೋಡುತ್ತಿದ್ದುದನ್ನು ಅವರೂ ನೋಡಿದರು. ಮೇಜಿನ ಮೇಲಿದ್ದ ಪೇಪರನ್ನು ಎತ್ತಿಕೊಂಡರು. ಹಳದಿಯಾಗಿತ್ತು; ಓವನ್ನಿನ ಕಾವಿಗೆ ಎಲ್ಲ ಪೇಪರೂ ಹಾಗಾಗುತ್ತವೆ, ಹಾಗಾಗಿ ಮೊದಲು ನೋಡಿರಲಿಲ್ಲ. ಈಗ ಪತ್ರಿಕೆಯ ತಾರೀಖು ಓದಿದರು, ಆರು ವರ್ಷದ ಹಿಂದಿನದು. ಕೂತುಕೊಂಡರು.

"ಸೂಗಮ್ಮನವರದು?"

"ಹೌದ್ರಿ."

ಮುಖದ ರಂಗೆಲ್ಲ ಇಳಿದುಹೋಯಿತು. ಪುಡಿಯನ್ನು ಒಂದು ಗಾಜಿನ ಸೀಸೆಗೆ ತುಂಬಿದರು. ಬಟ್ಟಲಿನ ಅಂಚನ್ನು ಬ್ರಷ್ಷಿನಿಂದ ಗುಡಿಸಿ, ಒಂದು ಕಣ ಬಿಡದೆ ಹಾಕಿದರು. ನಂಬರು ಬರೆಯುವ ಚೀಟಿಯ ಮೇಲೆ ಸೂಗಮ್ಮ ಎಂದು ಬರೆದು ಅಂಟಿಸಿದರು.

"ತಗೋರಿ. ನಾ ಏನೇನೋ ತಿಳಕೊಂಡೆ. ಮರತುಬಿಡ್ರಿ."

ಸೀಸೆ ಕೈಯಲ್ಲಿ ಬೆಚ್ಚಗಿತ್ತು. ಮಿಷಿನ್ನಿನ ಕಾವೋ, ಅವರ ಅಂಗೈಯದೋ.

ಬಾಗಿಲವರೆಗೆ ಹೋದವನು ನಿಂತೆ. ಆರು ವರ್ಷ ನಾನು ಕಾಯ್ದದ್ದು ಎಲೆಯನ್ನು. ಅವಳು ಒಣಗಿಸಿದ್ದು ಎಲೆಯಾಗಿ ಇಟ್ಟುಕೊಳ್ಳಲಿಕ್ಕಲ್ಲ, ಕೈಗೆ ಹಚ್ಚಲಿಕ್ಕೆ.

"ಕುಟ್ಟೋದೊಂದು ಬಾಕಿ ಉಳದಿತ್ತು ಆಕಿಗೆ," ಅಂದೆ. "ನೀವು ಕುಟ್ಟಿದ್ರಿ. ಕಲಸಾಕ ನನಗ ಬರತೈತಿ. ನೀವು ತಿಳಕೊಂಡದ್ದು ತಪ್ಪಲ್ರಿ. ನಾನ ಹೇಳೋದು ತಡಾ ಆತು."

ಅವರು ತಿರುಗಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ಇಲ್ಲಿ ಬ್ಯಾಡ," ಅಂದೆ. "ಅಂಗಡಿಗೆ ಬರ್ರಿ. ಆಕಿ ಮುಂದ ಹಚ್ಚತೀನಿ."

ಓವನ್ನಿನಲ್ಲಿ ಕಾಯಿಲ್ ಬೆಂದು, ಆರಿಸುವ ಹೊತ್ತಿಗೆ ಸಂಜೆಯಾಗಿತ್ತು. ಚಹಾದ ಡಿಕಾಕ್ಷನ್ನಿನಲ್ಲಿ ಪುಡಿ ಕಲಸಿ ನೆನೆಯಲು ಬಿಟ್ಟಿದ್ದೆ. ಯಮುನಾಬಾಯಿ ಸ್ಟೂಲಿನ ಮೇಲೆ ಕೂತು ಅಂಗೈ ಚಾಚಿದರು. ಅಂಗೈ ತುಂಬ ಮುಳ್ಳು ಗೀಚಿದ ಹಳೆಯ ಗೆರೆಗಳು. ನಡುವೆ ದುಂಡಗೆ ಒಂದು ಚಂದ್ರನನ್ನು ಇಟ್ಟೆ. ಕೂದಲೆಳೆಯಂಥ ತಂತಿ ಸುತ್ತುವ ಬೆರಳಿನಿಂದ ಅದರ ಅಂಚನ್ನು ತಿದ್ದಿದೆ.

"ಹಳೇ ಎಲಿ. ಬಣ್ಣ ಹತ್ತೂದು ಕಷ್ಟ," ಅಂದರು.

"ಹಳೇ ಮನಷ್ಯಾ. ಸಂಭಾಳಿಸಕೋರಿ."

ನಾನು ಏನನ್ನು ಕಾಯುತ್ತಿದ್ದೆನೆಂದು ಅವರಿಗೆ ಗೊತ್ತಿತ್ತು. ಹೊರಗೆ ಫ್ಯಾಕ್ಟರಿ ಬಿಟ್ಟು ಜನ ಹೋದರು. ದೀಪ ಹತ್ತಿದವು. ತಗಡು ತಣ್ಣಗಾಗುತ್ತಿತ್ತು, ಸದ್ದಿರಲಿಲ್ಲ. ನಿನ್ನೆಯ ಹಾಗೆ.

ಅವರು ಕೈ ತೊಳೆದು ಬಂದು ದೀಪದ ಕೆಳಗೆ ಅಂಗೈ ಹಿಡಿದರು. ಜೋಳದ ದಂಟಿನಷ್ಟು ತಿಳಿ ಬಣ್ಣ. ನೋಡಬೇಕೆಂದು ನೋಡಿದವರಿಗೆ ಮಾತ್ರ ಕಾಣುವಷ್ಟು.

"ಕೆಂಪಾದಷ್ಟು ಪ್ರೀತಿ ಅಂತಾರ. ಇಷ್ಟೇನು ನಿಮ್ಮದು?"

"ದಪ್ಪ ಎಲಿ ತಡಾ ಮಾಡಿ ಬರತೈತಿ ಅಂದೋರು ಯಾರ್ರಿ?"

ಅವರು ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊತ್ತಿಕೊಂಡು, "ಕಲಬುರ್ಗಿಗೆ ಬರಂಗಿಲ್ಲ ಅಂತ ತಂಗಿಗೆ ಹೇಳ್ತೀನಿ," ಅಂದರು. ಪುಡಿ ಇನ್ನೂ ಅರ್ಧ ಉಳಿದಿದ್ದ ಸೀಸೆಯನ್ನು ಎತ್ತಿ, ಚೀಟಿ ಮುಂದಾಗುವಂತೆ ಗೂಡಿನಲ್ಲಿಟ್ಟರು.

ಟಿಣ್.

ಸ್ವಲ್ಪ ತಡೆದು, ಇನ್ನೊಂದು ಸಲ.

ನಾನು ಬಾಯಿ ತೆರೆಯುವ ಮೊದಲೇ ಯಮುನಾಬಾಯಿ ಓವನ್ನಿನ ಕಡೆ ತಿರುಗಿದ್ದರು.

"ಬಂದ್ವಿ, ಸೂಗಮ್ಮಾರ," ಅಂದರು. "ಇಬ್ಬರೂ ಬಂದ್ವಿ."