ಅರಗಿಗೆ ಎಣ್ಣೆ

ಪಾಲಿಶ್‌ನವನು ಮೊದಲ ಸಲ ಸಲೂನಿಗೆ ಬಂದಾಗ ಅವಳು ಅವನನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸಿದ್ದಳು. ನಡುನೆತ್ತಿಯಿಂದ ಜೇನುಬಣ್ಣದ ಎಂಥದೋ ಅಂಟು ಇಳಿದು ಎಡಗಿವಿಯ ಹತ್ತಿರ ತೊಟ್ಟಿಕ್ಕುವುದರಲ್ಲಿತ್ತು.

"ಅಲ್ಲೇ ನಿಲ್ಲಿ! ಈಗಷ್ಟೇ ನೆಲ ಒರೆಸಿದೀನಿ. ಏನ್ರೀ ಅದು?"

"ವಾರ್ನಿಷ್," ಎಂದ ಅವನು, ಕದ್ದು ಸಿಕ್ಕಿಬಿದ್ದವನ ದನಿಯಲ್ಲಿ. "ಮೇಲಿಂದ ಡಬ್ಬ ಬಿತ್ತು. ಪೂರ್ತಿ ಬೋಳಿಸಿಬಿಡಿ."

ಬೋಳಿಸುವುದೇ? ಅವಳಿಗೆ ಮೈಯೆಲ್ಲ ಉರಿಯಿತು. ಎಂಟು ವರ್ಷದಿಂದ ಕತ್ತರಿ ಹಿಡಿದ ಕೈ ಅವಳದು. ಇಂಥ ದಟ್ಟ ಕೂದಲು ತಿಂಗಳಿಗೊಂದು ಸಿಕ್ಕರೆ ಹೆಚ್ಚು. "ಬಾಯಿ ಮುಚ್ಕೊಂಡು ಕೂತ್ಕೊಳ್ಳಿ," ಎಂದವಳೇ ಎಣ್ಣೆ ಬೆಚ್ಚಗೆ ಮಾಡಿ ತಂದಳು. ಅಂಟಿದ ಕಡೆಯೆಲ್ಲ ನೆನೆಸಿ, ತುದಿಯಿಂದ ಶುರು ಮಾಡಿ, ಅಗಲ ಹಲ್ಲಿನ ಬಾಚಣಿಗೆಯಿಂದ ಎಳೆ ಎಳೆಯಾಗಿ ಬಿಡಿಸುತ್ತ ಬುಡಕ್ಕೆ ಬಂದಳು. ಹಸಿ ವಾರ್ನಿಷ್ ಎಣ್ಣೆಗೆ ಬಿಟ್ಟುಕೊಡುತ್ತದೆ, ಅವಸರ ಮಾಡಬಾರದು ಅಷ್ಟೆ. ಮುಕ್ಕಾಲು ಗಂಟೆ ಹಿಡಿಯಿತು.

ಅಷ್ಟು ಹೊತ್ತೂ ಅವನು ಕಣ್ಣು ಮುಚ್ಚಿಕೊಂಡಿದ್ದ. ಕಣ್ಣು ಬಿಟ್ಟ ಮೇಲೂ ಕನ್ನಡಿಯಲ್ಲಿ ತನ್ನ ತಲೆ ನೋಡಿಕೊಳ್ಳಲಿಲ್ಲ, ಅವಳ ಕೈ ನೋಡಿದ. ಅದು ಅವಳಿಗೆ ಗೊತ್ತಾಯಿತೆಂದು ಗೊತ್ತಾದ ಕೂಡಲೇ ಗೋಡೆಯ ಶಾಂಪೂ ಪೋಸ್ಟರನ್ನು ಪರೀಕ್ಷೆಗೆ ಓದುವವನಂತೆ ಓದತೊಡಗಿದ. ಆಮೇಲೆ ಒಂದು ಥ್ಯಾಂಕ್ಸ್ ಹೇಳಿ ಎದುರು ಬದಿಯ ತನ್ನ ವರ್ಕ್‌ಶಾಪಿಗೆ ಹೋಗಿಬಿಟ್ಟ.

"ಗುಮ್ಮನಗುಸಕ," ಎಂದಳು ಚಿಕ್ಕಮ್ಮ. ಸಲೂನು ಚಿಕ್ಕಮ್ಮನದು. ಎದುರಿನ ಪೀಠೋಪಕರಣದ ವರ್ಕ್‌ಶಾಪು ಅವನದು ಮತ್ತು ಅವನ ಅಕ್ಕನದು. ಅಕ್ಕ ಕುಶನ್ ಹೊಲಿಯುತ್ತಾಳೆ, ಇವನು ಮರಕ್ಕೆ ಪಾಲಿಶ್ ಹಾಕುತ್ತಾನೆ. ಎರಡು ವರ್ಷದಿಂದ ಎದುರುಬದುರು ಇದ್ದರೂ ಅವನ ದನಿ ಹೇಗಿದೆಯೆಂದು ಈ ಬದಿಯವರಿಗೆ ಗೊತ್ತಾದದ್ದು ಅವತ್ತೇ.

ಹದಿನೈದು ದಿನಕ್ಕೆ ಮತ್ತೆ ಬಂದ. ಈ ಸಲ ಮುಂದಲೆಯ ಒಂದು ಜೊಂಪೆ ಕೆಂಚಗೆ ಗಟ್ಟಿಯಾಗಿ ನೆಟ್ಟಗೆ ನಿಂತಿತ್ತು.

"ಮತ್ತೆ ಡಬ್ಬಾನಾ?"

"ಹೂಂ. ಅರಗಿನ ಪಾಲಿಶ್‌ದು."

ಯಾವುದಾದರೇನು, ಅವಳ ಕೈಯಲ್ಲಿ ಎಲ್ಲ ಅಂಟಿಗೂ ಎಣ್ಣೆಯೇ ಮದ್ದು. ನೆನೆಸಿದಳು, ತಿಕ್ಕಿದಳು, ಬಾಚಿದಳು. ಜಪ್ಪಯ್ಯ ಅಂದರೂ ಅದು ಜಗ್ಗಲಿಲ್ಲ.

"ಹೋಗ್ತಾನೇ ಇಲ್ವಲ್ರೀ!"

"ಸ್ವಲ್ಪ ಮೆತ್ತಗಾಗಿದೆ ಅನ್ಸುತ್ತೆ," ಎಂದ ಅವನು. ಎಳ್ಳಷ್ಟೂ ಮೆತ್ತಗಾಗಿರಲಿಲ್ಲ.

ಒಂದು ಗಂಟೆ ಸುಮ್ಮನಿರಲಾಗದೆ ಅವಳೇ ಮಾತು ತೆಗೆದಳು. ಆಶ್ಚರ್ಯವೆಂದರೆ ಗುಮ್ಮನಗುಸಕನೂ ಬಾಯಿ ಬಿಟ್ಟ. ಯಾವ ಮರ ಪಾಲಿಶನ್ನು ಗಟಗಟ ಕುಡಿಯುತ್ತದೆ, ಯಾವುದು ಎಷ್ಟು ತಿಕ್ಕಿದರೂ ಮುನಿಸಿಕೊಂಡು ಕೂರುತ್ತದೆ ಎಂದೆಲ್ಲ ಹೇಳಿದ. "ನಮ್ಮ ಗಿರಾಕಿಗಳೂ ಹಾಗೇ ಬಿಡಿ," ಎಂದು ಅವಳು ನಕ್ಕಳು. ಅವನೂ ನಕ್ಕ. ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು, ಅದೂ ಬಲಗಡೆ ಮಾತ್ರ. ಇದನ್ನು ತಾನು ಯಾಕೆ ಗಮನಿಸಬೇಕೆಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಕೊನೆಗೆ ಆ ಜೊಂಪೆ ಹೇಗೆ ಬಂದಿತ್ತೋ ಹಾಗೇ ಎಣ್ಣೆಯಲ್ಲಿ ಮಿಂದು ಅವನ ಜೊತೆ ಹೊರಟುಹೋಯಿತು.

ಮಾರನೇ ದಿನ ಕಿಟಕಿಯಿಂದ ನೋಡುತ್ತಾಳೆ, ಅವನ ಕೂದಲು ನಿರ್ಮಲ! ಕತ್ತರಿಸಿಕೊಂಡಿದ್ದಾನೋ ಅಂದರೆ ಅದೂ ಇಲ್ಲ, ಉದ್ದ ಇದ್ದ ಹಾಗೇ ಇದೆ. ತಾನು ಒಂದು ಗಂಟೆ ಗುದ್ದಾಡಿ ಸೋತದ್ದು ರಾತ್ರಿ ಬೆಳಗಾಗುವುದರಲ್ಲಿ ಹೇಗೆ ಹೋಯಿತು? ಅವಳ ತಲೆ ಮೊಸರುಗಡಿಗೆಯಾಯಿತು.

ಮೂರನೇ ಸಲ ಬಂದಾಗ ಗೊಂದಲ ಇನ್ನಷ್ಟು ಹೆಚ್ಚಿತು. ಕಿವಿಯ ಹಿಂದೆ, ಬೈತಲೆ ತೆಗೆದಷ್ಟು ನೆಟ್ಟಗೆ, ಅರಗಿನ ಒಂದು ಪಟ್ಟಿ. ಡಬ್ಬ ಬಿದ್ದರೆ ಅಂಟು ಚೆಲ್ಲಾಪಿಲ್ಲಿಯಾಗಬೇಕು. ಇದು ಬ್ರಷ್ ಹಿಡಿದು ಎಳೆದ ಗೆರೆ. ಹಾಗಂತ ಕೇಳಲು ಬಾಯಿ ತೆರೆದವಳು ಯಾಕೋ "ಎಣ್ಣೆ ಬಿಸಿ ಇದ್ಯಾ?" ಎಂದು ಕೇಳಿಬಿಟ್ಟಳು.

ಅವನು ಕುರ್ಚಿಯಲ್ಲಿರುವಾಗಲೇ ಚಿಕ್ಕಮ್ಮ ಅಂಗಡಿ ಬದಲಿಸುವ ಸುದ್ದಿ ಎತ್ತಿದಳು. ಊರಿನ ಆ ಕೊನೆಯಲ್ಲಿ ದೊಡ್ಡ ಅಂಗಡಿ ಸಿಕ್ಕಿದೆ, ಮುಂದಿನ ತಿಂಗಳು ಶಿಫ್ಟು. "ನೀನೂ ಬಾ ಪುಟ್ಟಿ, ಇಬ್ರೂ ಸೇರಿ ನೋಡ್ಕೊಳ್ಳೋಣ. ಇಲ್ಲ, ಇಲ್ಲೇ ಇರ್ತೀನಿ ಅಂದ್ರೆ ಈ ಅಂಗಡಿ ನಿನ್ನದೇ. ಪಕ್ಕದ ಬೀದಿಯ ಟೈಲರ್ ಬೇರೆ ಈ ಜಾಗ ಕೊಡಿ ಅಂತ ಪ್ರಾಣ ತಿಂತಿದಾನೆ. ಶನಿವಾರದೊಳಗೆ ಹೇಳ್ಬಿಡು."

ಅವಳು ಕನ್ನಡಿಯಲ್ಲಿ ಅವನ ಮುಖ ನೋಡಿದಳು. ಅವನು ಬಾಚಣಿಗೆ ಸ್ಟ್ಯಾಂಡ್ ನೋಡುತ್ತ, "ಒಳ್ಳೇದಾಯ್ತು," ಎಂದ.

ಒಳ್ಳೇದಾಯ್ತಂತೆ! ಯಾರಿಗೆ? ಇರು ಎಂದಾದರೂ ಹೇಳಬೇಕು, ಹೋಗು ಎಂದಾದರೂ ಹೇಳಬೇಕು. ಇದೇನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ? ಸ್ವಂತ ಅಂಗಡಿ ಅವಳ ಬಹಳ ದಿನದ ಆಸೆ. ಆದರೆ ಇಲ್ಲೇ ಉಳಿಯಬೇಕೆನ್ನಿಸುವುದು ಅಂಗಡಿಗಾಗಿಯೋ ಎದುರಿನ ಬಾಗಿಲಿಗಾಗಿಯೋ ಎಂದು ಕೇಳಿಕೊಂಡರೆ ಉತ್ತರ ದಿನಕ್ಕೊಂದು ಥರ ಬರುತ್ತಿತ್ತು.

ಶನಿವಾರ ಬೆಳಿಗ್ಗೆ ಅವನ ಅಕ್ಕ ಕೂದಲು ಕತ್ತರಿಸಿಕೊಳ್ಳಲು ಬಂದಳು. ಕತ್ತರಿ ಆಡಿಸುತ್ತ ಇವಳು ಮೆಲ್ಲಗೆ ವಿಷಯ ತೆಗೆದಳು. "ಅಕ್ಕಾ, ಆ ಅರಗಿನ ಪಾಲಿಶ್ ಎಣ್ಣೆಗೆ ಹೋಗೋದೇ ಇಲ್ವಲ್ಲ, ನಿಮ್ಮ ತಮ್ಮ ಹೇಗೆ ತೆಗೀತಾರೆ?"

"ಅರಗಿಗೆ ಯಾರಾದ್ರೂ ಎಣ್ಣೆ ಹಚ್ತಾರೇನೇ? ಹತ್ತೀನ ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿದ್ರೆ ಎರಡೇ ನಿಮಿಷ. ಆಮೇಲೆ ಸೋಪು ಹಾಕಿ ತೊಳೆದ್ರಾಯ್ತು. ದಿನಾ ಸಂಜೆ ನಾವು ಕೈ ತೊಳ್ಕೊಳ್ಳೋದೇ ಹಾಗೆ. ಅವನಂತೂ ಹದಿನೈದು ವರ್ಷದಿಂದ ಅದೇ ಕೆಲಸದಲ್ಲಿದಾನೆ."

ಅವಳ ಕೈಯಲ್ಲಿ ಕತ್ತರಿ ನಿಂತುಬಿಟ್ಟಿತು. ಹಾಗಾದರೆ ಎಲ್ಲ ಗೊತ್ತಿದ್ದೂ ಕೂತಿದ್ದ. ಕೆಲಸ ಗೊತ್ತಿಲ್ಲದವಳು ಬೆವರು ಸುರಿಸುವುದನ್ನು ಮೋಜು ನೋಡುತ್ತಿದ್ದ. ಕೆನ್ನೆಯ ಗುಳಿ ಬಿದ್ದದ್ದು ಅದಕ್ಕೇ ಇರಬೇಕು. ಅವಮಾನದಿಂದ ಅವಳ ಕಿವಿ ಬಿಸಿಯಾಯಿತು. ಅಕ್ಕನನ್ನು ಕಳಿಸಿದವಳೇ, ಚಿಕ್ಕಮ್ಮ ಕೇಳುವ ಮೊದಲೇ ಹೇಳಿದಳು: "ನಾನು ಬರ್ತೀನಿ. ಈ ಅಂಗಡಿ ಆ ಟೈಲರ್‌ಗೇ ಕೊಟ್ಬಿಡು."

ಚಿಕ್ಕಮ್ಮ ಫೋನ್ ಮಾಡಿದಳು. ಟೈಲರ್ ಓಡೋಡಿ ಬಂದು ಮಾತು ಮುಗಿಸಿಕೊಂಡು ಹೋದ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಆಮೇಲೆ ಅವಳು ರಸ್ತೆ ದಾಟಿದಳು.

ಅವನು ಒಂದು ದೊಡ್ಡ ಮೇಜಿಗೆ ವಾರ್ನಿಷ್‌ನ ಕೊನೆಯ ಕೋಟ್ ಹೊಡೆದು ಬ್ರಷ್ ಒರೆಸುತ್ತಿದ್ದ. ಒಳಕೋಣೆಯಲ್ಲಿ ಅಕ್ಕನ ಹೊಲಿಗೆ ಮಷಿನ್ ಓಡುತ್ತಿತ್ತು.

"ನಾನೇನು ನಿಮಗೆ ಆಟದ ಸಾಮಾನಾ?"

"ಏನಾಯ್ತು?"

"ಅರಗಿಗೆ ಸ್ಪಿರಿಟ್. ಎರಡೇ ನಿಮಿಷ."

ಅವನ ಮುಖ ಸಣ್ಣದಾಯಿತು. ಏನೋ ಹೇಳಹೊರಟ. ಕೇಳುವ ವ್ಯವಧಾನ ಅವಳಿಗಿರಲಿಲ್ಲ. ರಪ್ಪನೆ ತಿರುಗಿದಳು. ತಿರುಗಿದ ರಭಸಕ್ಕೆ ಅವಳ ಉದ್ದ ಜಡೆ ಹಾರಿ ಹಸಿ ಮೇಜಿನ ಮೇಲೆ ಬಿದ್ದು, ಈ ತುದಿಯಿಂದ ಆ ತುದಿಗೆ ಗುಡಿಸಿಕೊಂಡು ಬಂತು.

"ಅಯ್ಯೋ, ಅಲ್ಲಾಡಬೇಡಿ!"

ಮೂರು ದಿನದ ಕೆಲಸ ಹಾಳಾಗಿತ್ತು. ಅವನು ಮೇಜಿನ ಕಡೆ ತಿರುಗಿಯೂ ನೋಡಲಿಲ್ಲ. ಜಡೆಯನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿದು ಅವಳನ್ನು ಸ್ಟೂಲಿನ ಮೇಲೆ ಕೂರಿಸಿದ.

"ಸ್ಪಿರಿಟ್ ತನ್ನಿ ಮತ್ತೆ," ಎಂದಳು ಅವಳು, ಅಳು ನುಂಗುತ್ತ.

"ಇದು ವಾರ್ನಿಷ್ ಕಣ್ರೀ. ಇದಕ್ಕೆ ಎಣ್ಣೆನೇ. ಮೊದಲ ಸಲ ನೀವು ಮಾಡಿದ್ದೇ ಸರಿ." ಒಳಗೆ ಓಡಿಹೋಗಿ ಒಂದು ಸೀಸೆ ತಂದ.

"ಅದು ಮಷಿನ್‌ಗೆ ಬಿಡೋ ಎಣ್ಣೆ! ನನ್ನ ತಲೆ ಏನು ಹೊಲಿಗೆ ಮಷಿನ್ನಾ?"

ಮತ್ತೆ ಓಡಿದ. ಅಕ್ಕ ತನ್ನ ತಲೆಗೆ ಹಚ್ಚುವ ಎಣ್ಣೆಯನ್ನೂ ಬಾಚಣಿಗೆಯನ್ನೂ ಕೊಟ್ಟಳು, ಏನು ಎತ್ತ ಕೇಳಲಿಲ್ಲ.

"ತುದಿಯಿಂದ ತಾನೇ?" ಎಂದು ಕೇಳಿ ಶುರು ಮಾಡಿದ. ಇಲ್ಲಿ ಎದುರಿಗೆ ಕನ್ನಡಿ ಇರಲಿಲ್ಲ. ಅವನ ಮುಖ ಕಾಣದೆ, ದನಿಯೊಂದನ್ನೇ ಕೇಳುತ್ತ ಕೂರಬೇಕಾಯಿತು. ಅಷ್ಟು ಒರಟು ಬೆರಳು ಇಷ್ಟು ಹಗುರಾಗಿ ಓಡಾಡಬಲ್ಲವೆಂದು ಅವಳು ಎಣಿಸಿರಲಿಲ್ಲ.

"ಮೊದಲ ಸಲ ಡಬ್ಬ ಬಿದ್ದಿದ್ದು ನಿಜ," ಎಂದ ಅವನು. "ಎರಡನೇ ಸಲಾನೂ ನಿಜ. ಸ್ಪಿರಿಟ್ ಬಾಟ್ಲಿ ಕೈಯಲ್ಲೇ ಇತ್ತು. ಕೆಳಗಿಟ್ಟು ನಿಮ್ಮ ಹತ್ರ ಬಂದೆ."

"ಮೂರನೇ ಸಲ?"

"ನಾನೇ ಹಚ್ಕೊಂಡೆ. ಬ್ರಷ್‌ನಲ್ಲಿ."

"ಗೊತ್ತಾಗಿತ್ತು."

ಬಾಚಣಿಗೆ ನಿಂತಿತು. "ಗೊತ್ತಾಗಿದ್ದೂ ಒಂದು ಗಂಟೆ ಎಣ್ಣೆ ಹಚ್ಚಿದ್ರಾ?"

ಮೋಸ ಮಾಡಿದವನು ಅವನು, ಸಿಕ್ಕಿಬಿದ್ದವಳು ತಾನು! ಅವಳು ಮಾತು ಬದಲಿಸಿದಳು. "ನಾವು ಹೋಗ್ತೀವಿ ಅಂದಾಗ ಒಳ್ಳೇದಾಯ್ತು ಅಂದ್ರಲ್ಲ, ಅದ್ಯಾಕೆ?"

"ನಿಮಗೆ ಒಳ್ಳೇದು ಅಂತ. ನನಗೆ ಅಂತ ಹೇಳ್ಲಿಲ್ವಲ್ಲ." ಅವನು ಇನ್ನೊಂದು ಎಳೆ ಬಿಡಿಸಿದ. "ಹೋಗ್ಬೇಡಿ ಅನ್ನೋಕೆ ನಾನ್ಯಾರು ಅಂತ ಸುಮ್ನಾದೆ. ಈಗ ಹೇಳ್ತೀನಿ. ಹೋಗ್ಬೇಡಿ. ನೀವಂದ್ರೆ ನನಗೆ ತುಂಬಾ ಇಷ್ಟ."

ಎಷ್ಟು ದಿನದಿಂದ ಕಾದಿದ್ದ ಮಾತು! ಕೇಳಿದ ಗಳಿಗೆಯಲ್ಲೇ ಅವಳ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. "ಈಗ ಹೇಳ್ತೀರಲ್ಲ! ಸಿಟ್ಟಲ್ಲಿ ಚಿಕ್ಕಮ್ಮಂಗೆ ಬರ್ತೀನಿ ಅಂದ್ಬಿಟ್ಟೆ. ಅಂಗಡಿ ಟೈಲರ್ ಪಾಲಾಯ್ತು. ನನ್ನದೇ ಅಂಗಡಿ ಆಗ್ತಿತ್ತು, ನನ್ನ ಕೈಯಾರೆ ಕಳ್ಕೊಂಡೆ."

ಅವನು ಮುಂದೆ ಬಂದು ಅವಳೆದುರು ಕುಕ್ಕರುಗಾಲಿನಲ್ಲಿ ಕೂತ. ಎಣ್ಣೆಗೈಯಲ್ಲಿ ಅವಳ ಕಣ್ಣೊರೆಸಲಾಗದೆ ತೋಳು ಮುಂದೆ ಮಾಡಿದ. ಅವಳು ಅವನ ಅಂಗಿಯ ತೋಳಿಗೇ ಮುಖ ಒರೆಸಿಕೊಂಡಳು.

"ಅಲ್ಲಿಗೆ ಎಷ್ಟು ಬಸ್ಸು?"

"ಎರಡು. ಒಂದೂವರೆ ಗಂಟೆ ದಾರಿ."

"ಭಾನುವಾರ ನನಗೆ ರಜಾ. ಆದ್ರೆ ತಲೆಗೆ ಅರಗು ಬಳ್ಕೊಂಡು ಅಷ್ಟು ಹೊತ್ತು ಬಸ್ಸಲ್ಲಿ ಕೂತ್ರೆ, ಪಕ್ಕದವರು ಇಳಿಸಿಬಿಡ್ತಾರೆ."

ಅವಳಿಗೆ ಅಳುವಿನ ಮಧ್ಯೆಯೇ ನಗು ಬಂತು. ಇಷ್ಟು ದಿನದ ಗೊಂದಲದಲ್ಲಿ ಇದೊಂದು ಮಾತ್ರ ಈಗ ನಿಚ್ಚಳವಾಗಿತ್ತು. "ಏನೂ ಹಚ್ಕೊಳ್ದೆ ಬಾ," ಎಂದಳು.

"ನಿಮ್ಮ ಚಿಕ್ಕಮ್ಮ ಯಾಕೆ ಬಂದೆ ಅಂತ ಕೇಳಿದ್ರೆ?"

"ನನ್ನ ನೋಡೋಕೆ ಬಂದೆ ಅಂತ ಹೇಳು."

ಅವನು ಅದನ್ನು ಮೊದಲು ತುಟಿಯಲ್ಲೇ ಹೇಳಿ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, ಒಳಗೆ ಮಷಿನ್ ಓಡುವ ಸದ್ದನ್ನೂ ಮೀರಿ ಕೇಳುವ ಹಾಗೆ ಹೇಳಿದ: "ನಿನ್ನ ನೋಡೋಕೇ ಬಂದೆ."

ಒಳಗಿನ ಮಷಿನ್ ನಿಂತಿತು.